ಗೊಂಬೆಯ ಎಡಗಿವಿ

ರಿಪ್ಪನ್‌ಪೇಟೆಯಲ್ಲಿ ಹೊಸನಗರದ ಬಸ್ಸಿಗೆ ಕಾಯುತ್ತಿದ್ದ ಮೀನಾಕ್ಷಮ್ಮನ ಪಕ್ಕದಲ್ಲೇ ಹುಡುಗಿಯೊಬ್ಬಳು ಹಳೇ ರಬ್ಬರ್ ಗೊಂಬೆಯನ್ನು ಜೊತೆಗಿದ್ದ ತನ್ನ ಅಜ್ಜಿಗೆ ತೋರಿಸುತ್ತಿದ್ದಳು. ಇಬ್ಬರ ಮಾತೂ ಮೀನಾಕ್ಷಮ್ಮನಿಗೆ ಕೇಳಿಸುತ್ತಿತ್ತು.

“ಸಾಗರದ ಗುಜರಿ ಅಂಗಡೀಲಿ ಸಿಕ್ತು ಅಜ್ಜಿ. ಮಲಗಿಸಿದ್ರೆ ಕಣ್ಣು ಮುಚ್ಚತ್ತೆ. ನಲವತ್ತು ವರ್ಷದ್ದಾದ್ರೂ ಇರ್ಬೇಕು.”

“ಎಷ್ಟು ಚಂದ ಇದೆ ಮಾರಾಯ್ತಿ! ಆ ಕೆನ್ನೆ ನೋಡು.”

“ಎಡಗಿವೀಲೊಂದು ತೂತಿದೆ. ಮೇಣ ತುಂಬಿ ಮುಚ್ತೀನಿ.”

“ಮುಚ್ಬೇಡ್ವೇ. ಕಿವಿ ಚುಚ್ಚೋ ದಿನ ಮಗು ಹೆದರಿದ್ರೆ, ಮೊದ್ಲು ಗೊಂಬೆಗೆ ಚುಚ್ಚಿ ತೋರಿಸ್ತಿದ್ವಿ.”

“ಮತ್ತೆ ಬಲಗಿವಿಗೆ ಯಾಕೆ ಚುಚ್ಚಿಲ್ಲ?”

“‘ಅದಕ್ಕೆ ನೋವಾಗತ್ತೆ, ಸಾಕು, ನಂಗೇ ಚುಚ್ಚಿ’ ಅಂದಿರತ್ತೆ ಆ ಮಗು.”

ಹುಡುಗಿ ಆ ತೂತನ್ನು ಬೆರಳಿಂದ ಮೆಲ್ಲಗೆ ಸವರಿದಳು.

ಅಷ್ಟರಲ್ಲಿ ಆನಂದಪುರದ ಬಸ್ ಬಂತು. ಕೈಯಲ್ಲಿದ್ದ ಚೀಲ ಖಾಲಿಯಿದ್ದರೂ ಹುಡುಗಿ ಗೊಂಬೆಯನ್ನು ಒಳಗಿಡದೆ ಹೆಗಲಿಗೊರಗಿಸಿಕೊಂಡು, ಅದರ ಎಡಗಿವಿಗೆ ಜನರ ಮೈ ತಾಕದಂತೆ ಅಂಗೈ ಹಿಡಿದು ಅಜ್ಜಿಯ ಹಿಂದೆ ಬಸ್ ಹತ್ತಿದಳು.