ಬಾಲಂಗೋಚಿ ಕಿತ್ತ ಮೇಲೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಗುರುಗಳೇ, ಬಿಡುವು ಮಾಡಿಕೊಂಡು ಬಂದಿರುವ ಪೋಷಕರೇ, ಹಿಂದಿನ ಸಾಲಿನಲ್ಲಿ ಕುಳಿತು ಈಗಾಗಲೇ ಬಾಗಿಲಿನ ಕಡೆ ನೋಡುತ್ತಿರುವ ನನ್ನ ಕ್ಲಾಸ್‌ಮೇಟ್‌ಗಳೇ, ಒಟ್ಟಿನಲ್ಲಿ ಸಭಿಕರೇ,

ಮೈಕು ಸ್ವಲ್ಪ ಎತ್ತರವಾಯಿತು. ಸರಿ, ಈಗ ಕೇಳಿಸುತ್ತಿದೆಯೇ? ನನ್ನ ಕೈಯಲ್ಲಿರುವ ಹಾಳೆ ನಡುಗುವುದು ನಿಮಗೆ ಕಂಡರೆ ದಯಮಾಡಿ ಫ್ಯಾನಿನ ಗಾಳಿಗೆ ಎಂದುಕೊಳ್ಳಿ. ಫ್ಯಾನು ನಿಂತಿದೆ ಎಂದು ನನಗೂ ಗೊತ್ತು.

ಕಂಪ್ಯೂಟರ್ ಸಂಘದ ವಾರ್ಷಿಕೋತ್ಸವದಲ್ಲಿ ಪ್ರಥಮ ವರ್ಷದವರೊಬ್ಬರು ಮಾತನಾಡಬೇಕಂತೆ. ವಿಷಯ, ನಕಲಿ ಎಚ್ಚರಿಕೆಗಳನ್ನು ಗುರುತಿಸುವ ಬಗೆ. ಇಷ್ಟು ಜನರಲ್ಲಿ ನಾನೇ ಏಕೆ? ನಮ್ಮ ಲ್ಯಾಬ್ ಮೇಡಂ ಅವರನ್ನೇ ಕೇಳಿದೆ. "ನಿನ್ ಮುಖ ನೋಡಿದ್ರೆ ಯಾವಾಗ್ಲೂ ಯಾರೋ ಈಗಷ್ಟೇ ಎಚ್ಚರಿಕೆ ಕೊಟ್ಟು ಹೋದ ಹಾಗಿರುತ್ತೆ, ಅದಕ್ಕೆ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಪ್ಪಿಕೊಂಡ ಕಾರಣ ಬೇರೆ. ಈ ಸಭಾಂಗಣದ ಮೂರನೆಯ ಸಾಲಿನಲ್ಲಿ ನನ್ನ ಚಿಕ್ಕಮ್ಮ ಕುಳಿತಿದ್ದಾರೆ. ನಾನು ನಾನೇ ಎಂಬ ನಂಬಿಕೆ ಅವರಿಗೆ ಹೋಗಿದೆ. ಇಷ್ಟು ಜನರ ಎದುರು, ಇಷ್ಟು ಬೆಳಕಿನಲ್ಲಿ ನಿಂತು ಮಾತನಾಡಿದರೆ ಅದು ಮರಳಿ ಬಂದೀತು ಎಂದು ಬಂದಿದ್ದೇನೆ.

ಮೊದಲು ವಿಷಯಕ್ಕೆ ಬರುತ್ತೇನೆ. ನಕಲಿ ಎಚ್ಚರಿಕೆ ಎಂದರೇನು? ನೀವು ಏನನ್ನೋ ಹುಡುಕುತ್ತಾ ಒಂದು ಪುಟ ತೆರೆಯುತ್ತೀರಿ. ಪರದೆ ಇದ್ದಕ್ಕಿದ್ದಂತೆ ಕೆಂಪಾಗುತ್ತದೆ. ಕುಂಯ್ ಕುಂಯ್ ಎಂಬ ಸದ್ದು. "ನಿಮ್ಮ ಗಣಕಯಂತ್ರಕ್ಕೆ ಸೋಂಕು ತಗುಲಿದೆ, ಈ ಪುಟವನ್ನು ಮುಚ್ಚಬೇಡಿ, ಈಗಲೇ ಈ ರಕ್ಷಕನನ್ನು ಸೇರಿಸಿ." ಯಾರು ಈ ರಕ್ಷಕ? ಬ್ರೌಸರಿನ ಬೆನ್ನಿಗೆ ಅಂಟಿಕೊಳ್ಳುವ ಒಂದು ಪುಟ್ಟ ಪ್ರೋಗ್ರಾಮು, ಎಕ್ಸ್‌ಟೆನ್ಷನ್. ಡಿಕ್ಷನರಿಯಲ್ಲಿ 'ವಿಸ್ತರಣೆ' ಎಂದಿದೆ. ನಮ್ಮ ಚಿಕ್ಕಮ್ಮ ಇಟ್ಟ ಹೆಸರು ಬಾಲಂಗೋಚಿ. ಗಾಳಿಪಟಕ್ಕಾದರೆ ಬಾಲಂಗೋಚಿ ಬೇಕು, ಅದಿಲ್ಲದಿದ್ದರೆ ಪಟ ಗಿರಕಿ ಹೊಡೆಯುತ್ತದೆ. ಈ ಬಾಲಂಗೋಚಿಯ ಸ್ವಭಾವ ತಿರುಗಾಮುರುಗಾ. ಇದು ನಿಮ್ಮ ಹೆಗಲ ಮೇಲಿಂದ ಇಣುಕಿ ನೀವು ಓದಿದ್ದನ್ನೆಲ್ಲ ಓದುತ್ತದೆ. ನೀವು ಒಂದು ಹುಡುಕಿದರೆ ಇನ್ನೊಂದನ್ನು ತೋರಿಸುತ್ತದೆ. ಹೋಗು ಎಂದರೆ ಹೋಗುವುದಿಲ್ಲ, ತನ್ನ ನೆಂಟರನ್ನೂ ಕರೆದುಕೊಂಡು ಬರುತ್ತದೆ.

ಗುರುತಿಸುವುದು ಹೇಗೆ? ನಿಜವಾದ ಎಚ್ಚರಿಕೆ ಅವಸರ ಮಾಡುವುದಿಲ್ಲ. ಅಂಗಲಾಚುವುದಿಲ್ಲ. ಪುಟದ ಒಳಗೆ ಕುಳಿತು ಇಡೀ ಕಂಪ್ಯೂಟರಿನ ಪರವಾಗಿ ಮಾತನಾಡುವುದಿಲ್ಲ. ನಕಲಿ ಪೆಟ್ಟಿಗೆಯಲ್ಲಿ 'ಬೇಡ' ಎಂಬ ಗುಂಡಿಯೂ 'ಬೇಕು' ಎಂದೇ ಕೆಲಸ ಮಾಡಬಹುದು, ಆದ್ದರಿಂದ ಯಾವುದನ್ನೂ ಒತ್ತದೆ ಆ ಪುಟವನ್ನೇ ಮುಚ್ಚಿಬಿಡಿ. ಮತ್ತು ಭಾಷೆಯನ್ನು ನೋಡಿ. ಯಂತ್ರ ತರ್ಜುಮೆ ಮಾಡಿದ ಕನ್ನಡ ಎಲ್ಲಿಯಾದರೂ ಒಂದು ಕಡೆ ಮುಗ್ಗರಿಸುತ್ತದೆ. ಎಲ್ಲ ಕೈಪಿಡಿಗಳೂ ಹೀಗೇ ಹೇಳುತ್ತವೆ. ತಪ್ಪು ಭಾಷೆ ಕಂಡರೆ ನಂಬಬೇಡಿ.

ನಮ್ಮ ಮನೆಯಲ್ಲಿ ಆದದ್ದು ಇದಕ್ಕೆ ಉಲ್ಟಾ. ಭಾಷೆ ತಪ್ಪಾಗಿತ್ತು, ಅದಕ್ಕೇ ನಂಬಿದರು.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮೆ ಇರಲಿ. ನನ್ನನ್ನು ಸಾಕಿದ್ದು ಚಿಕ್ಕಮ್ಮ. ಅವರದು ಕನ್ನಡಕದ ಅಂಗಡಿ. ಉದ್ದಕ್ಕೆ, ಕಿರಿದಾಗಿ, ರೈಲುಡಬ್ಬಿಯ ಹಾಗಿದೆ. ಎರಡೂ ಗೋಡೆಗೆ ಗಾಜಿಲ್ಲದ ಫ್ರೇಮುಗಳು, ಅವುಗಳ ನಡುನಡುವೆ ಕನ್ನಡಿ. ಚಿಕ್ಕವಳಿದ್ದಾಗ ನಾನು ಆ ಅಂಗಡಿಯಲ್ಲಿ ಒಬ್ಬಳೇ ಕೂರುತ್ತಿರಲಿಲ್ಲ. ಮುಖವಿಲ್ಲದ ಅಷ್ಟೊಂದು ಜನ ನೋಡುತ್ತಿರುವಾಗ ಯಾರು ಕೂರುತ್ತಾರೆ? ಒಳಗಡೆ ಒಂದು ಮೇಜು, ಅದರ ಮೇಲೆ ಲೆನ್ಸ್ ಆರ್ಡರ್ ಕಳಿಸುವ ಕಂಪ್ಯೂಟರು.

ಅಕ್ಷರ ಕಲಿತ ವರ್ಷವೇ ನನ್ನನ್ನು ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ಭಾನುವಾರ ಮನೆಗೆ ಪತ್ರ. ಮಿಸ್ ಬೋರ್ಡಿನ ಮೇಲೆ ಮಾದರಿ ಬರೆಯುತ್ತಿದ್ದರು, ನಾವು ನಕಲು ಮಾಡುತ್ತಿದ್ದೆವು. ಆ ಮಾದರಿ ಮೂಲದಲ್ಲಿ ಇಂಗ್ಲಿಷಿನದು, ಸಾಲದ್ದಕ್ಕೆ ಹುಡುಗರ ಹಾಸ್ಟೆಲಿಗೆಂದು ಯಾರೋ ಯಾವತ್ತೋ ಕನ್ನಡಕ್ಕೆ ಇಳಿಸಿದ್ದು. "ನಾನು ನಿಮ್ಮ ಆರೋಗ್ಯದ ಬಗ್ಗೆ ಚಿಂತಿತನಾಗಿದ್ದೇನೆ. ನಿಮ್ಮನ್ನು ಕಾಣಲು ಉತ್ಸುಕನಾಗಿದ್ದೇನೆ." ನಾನು ಅದನ್ನೇ ಬರೆದೆ. ದೊಡ್ಡವಳಾದ ಮೇಲೂ ಬರೆದೆ. ಮೊಬೈಲ್ ಬಂದ ಮೇಲೂ ಹಾಗೇ ಟೈಪ್ ಮಾಡಿದೆ. ನನಗೆ ಅದು ತಪ್ಪೆಂದು ಗೊತ್ತಿರಲಿಲ್ಲ, ಪತ್ರದ ಕನ್ನಡವೇ ಹಾಗೆ ಎಂದುಕೊಂಡಿದ್ದೆ. ಚಿಕ್ಕಮ್ಮ ಗಿರಾಕಿಗಳಿಗೆಲ್ಲ ಓದಿ ಹೇಳಿ ನಗುತ್ತಿದ್ದರಂತೆ. "ನೋಡ್ರೀ, ನಮ್ ಹುಡ್ಗಿ ಪತ್ರ ಬರೆಯೋಕೆ ಕೂತ್ರೆ ಗಂಡಸಾಗ್ಬಿಡ್ತಾಳೆ!" ಒಮ್ಮೆಯೂ ತಿದ್ದಲಿಲ್ಲ. ನಾನು ಅವರಿಗೆ 'ನೀವು' ಎನ್ನುವುದನ್ನೂ ತಿದ್ದಲಿಲ್ಲ. ಚಿಕ್ಕಮ್ಮನಿಗೆ ಯಾರಾದರೂ 'ನೀವು' ಎನ್ನುತ್ತಾರೆಯೇ? ನಾನು ಎನ್ನುತ್ತೇನೆ. ಅವರು ಮಾತ್ರ ನನಗೆ 'ನೀನು', ಸಿಟ್ಟು ಬಂದರೆ 'ಲೇ', ಮುದ್ದು ಬಂದರೂ 'ಲೇ'.

ಈ ಕಾಲೇಜಿಗೆ ಬಂದ ಮೊದಲ ಸೆಮಿಸ್ಟರಿನಲ್ಲಿ ಒಂದು ದಿನ ಚಿಕ್ಕಮ್ಮ ಫೋನ್ ಮಾಡಿ, "ನೀನ್ ಕಳ್ಸಿದ್ದು ಹಾಕ್ಕೊಂಡೆ ಕಣೇ, ಈಗ ಸಮಾಧಾನಾನಾ?" ಎಂದರು. ಪರೀಕ್ಷೆಯ ಟೆನ್ಷನ್. ಪಾರ್ಸೆಲ್ ಏನೋ ಇರಬೇಕು ಎಂದು ಹೂಂ ಎಂದೆ.

ರಜೆಗೆ ಹೋದೆ. ಅಂಗಡಿಯ ಕಂಪ್ಯೂಟರ್ ತೆರೆದರೆ ಬ್ರೌಸರಿನ ನೆತ್ತಿಯ ಮೇಲೆ ಸಾಲಾಗಿ ಬಾಲಂಗೋಚಿಗಳು. ಗುರಾಣಿಯ ಚಿತ್ರದ್ದೊಂದು, ಬೀಗದ್ದೊಂದು, ಕಣ್ಣಿನದೊಂದು. ಲೆನ್ಸ್ ಕಂಪನಿಯ ಪುಟ ತೆರೆದರೆ ಇನ್ನೇನೋ ತೆರೆಯುತ್ತಿತ್ತು. ಅಷ್ಟರಲ್ಲಿ ಪರದೆಯ ಬಲಮೂಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಮೆಲ್ಲಗೆ ಮೇಲೆದ್ದಿತು. "ನೀವು ಅಲ್ಲಿದ್ದೀರಾ? ನಾನು ನಿಮ್ಮ ಸುರಕ್ಷತೆಯ ಬಗ್ಗೆ ಚಿಂತಿತನಾಗಿದ್ದೇನೆ. ದಯವಿಟ್ಟು ನನಗೆ ಅನುಮತಿಸಿ."

ಅದು ನನ್ನ ಕನ್ನಡ. ಅಕ್ಷರ ಅಕ್ಷರವೂ ನನ್ನದು. ಎದುರಿನ ಕನ್ನಡಿಯಲ್ಲಿ ಆ ಸಾಲು ತಿರುಗುಮುರುಗಾಗಿ ಕಾಣುತ್ತಿತ್ತು, ಅದರ ಪಕ್ಕದಲ್ಲಿ ನನ್ನ ಮುಖ.

"ಚಿಕ್ಕಮ್ಮ, ಇದನ್ನ ಯಾಕೆ ಒತ್ತಿದ್ರಿ?"

"ಯಾಕೆ ಅಂದ್ರೆ? ನೀನೇ ಕೇಳಿದ್ಯಲ್ಲ, ದಯವಿಟ್ಟು ಅಂತ. ಮನೆ ಮಗಳು ದಯವಿಟ್ಟು ಅಂದ್ಮೇಲೆ ಒತ್ತದೇ ಇರೋಕಾಗುತ್ತಾ?"

"ಇದು ನಾನಲ್ಲ. ಇದು ನಕಲಿ. ಯಾರೋ ಮೋಸಗಾರರು ಮಾಡಿರೋದು."

"ಸುಮ್ನಿರೇ. ಚಿಂತಿತನಾಗಿದ್ದೇನೆ ಅಂತ ಈ ಲೋಕದಲ್ಲಿ ಇನ್ಯಾವ ಹುಡ್ಗಿ ಬರೀತಾಳೆ? ಕಂಪ್ಯೂಟರ್ ಓದೋಕೆ ಹೋಗಿದ್ದಾಳೆ, ಈಗ ಕಂಪ್ಯೂಟರಿಂದ್ಲೇ ಪತ್ರ ಬರೀತಾಳೆ ಅಂದ್ಕೊಂಡೆ. ದಿನಾ ಅಂಗ್ಡಿ ಬಾಗ್ಲು ತೆಗೆಯೋ ಹೊತ್ತಿಗೆ ನೀನ್ ಕೇಳ್ತಿದ್ದೆ, ಅಲ್ಲಿದ್ದೀರಾ ಅಂತ. ಇದ್ದೀನಿ ಕಣೇ ಅಂತ ಹೇಳಿನೇ ನಾನು ಕಸ ಗುಡಿಸ್ತಿದ್ದಿದ್ದು."

ಹೇಳಿ, ಇದಕ್ಕೆ ಯಾವ ಕೈಪಿಡಿಯಲ್ಲಿ ಉತ್ತರವಿದೆ?

ಆದರೂ ಬಾಲಂಗೋಚಿಗಳನ್ನು ಕಿತ್ತೆ. ವಿಧಾನ ಸುಲಭ. ಎಕ್ಸ್‌ಟೆನ್ಷನ್‌ಗಳ ಪುಟಕ್ಕೆ ಹೋಗಿ, ನೀವು ಬೇಕೆಂದು ಹಾಕದೇ ಇದ್ದದ್ದನ್ನು ತೆಗೆಯಿರಿ. ಆಮೇಲೆ ಸೆಟ್ಟಿಂಗ್ಸಿನಲ್ಲಿ, ಸೂಚನೆ, ಅಂದರೆ ನೋಟಿಫಿಕೇಶನ್ ಕಳಿಸಲು ಯಾವ ಯಾವ ವೆಬ್ ತಾಣಕ್ಕೆ ಅನುಮತಿ ಇದೆಯೋ ನೋಡಿ ರದ್ದು ಮಾಡಿ. ಇದನ್ನು ಮರೆಯಬೇಡಿ, ಮೂಲೆಯ ಪೆಟ್ಟಿಗೆ ಬರುವುದೇ ಆ ಬಾಗಿಲಿನಿಂದ. ನಾನು ಒಂದೊಂದನ್ನೇ ತೆಗೆದೆ. ಕೊನೆಗೆ ಕಣ್ಣಿನ ಚಿತ್ರದ್ದು. ಅದನ್ನು ತೆಗೆದ ಕೂಡಲೇ ತಾನಾಗಿ ಒಂದು ಪುಟ ತೆರೆಯಿತು. ಕೆಲವು ಎಕ್ಸ್‌ಟೆನ್ಷನ್‌ಗಳು ಹೀಗೆ ಮಾಡುತ್ತವೆ, ಹೋಗುವಾಗ ಕಾರಣ ಕೇಳುತ್ತವೆ. "ನೀವು ನನ್ನನ್ನು ತೆಗೆದುಹಾಕಿದ್ದಕ್ಕೆ ದುಃಖಿತನಾಗಿದ್ದೇನೆ. ನಾನು ಏನು ತಪ್ಪು ಮಾಡಿದೆ?"

ನಾನು ಮುಚ್ಚುವಷ್ಟರಲ್ಲಿ ಚಿಕ್ಕಮ್ಮ ನನ್ನ ಹೆಗಲ ಮೇಲಿಂದ ಅದನ್ನು ಓದಿಯಾಗಿತ್ತು. ಒರೆಸುವ ಬಟ್ಟೆ ತೆಗೆದುಕೊಂಡು ಫ್ರೇಮುಗಳನ್ನು ಒರೆಸತೊಡಗಿದರು. ಆಮೇಲೆ ಒಂದೇ ಮಾತು. "ಪಾಪ, ಅಷ್ಟು ಕೇಳ್ತಿದೆ. ಏನಾದ್ರೂ ಹೇಳ್ಬೇಕಿತ್ತು ನೀನು."

ಪಾಪ ಎಂದರು, ಸಭಿಕರೇ. ನನಗಲ್ಲ.

ಊರು ಬಿಡುವ ಮುಂಚೆ ಅವರಿಗೆ ಎಲ್ಲ ಪಾಠ ಮಾಡಿದೆ. ಅವಸರ ಮಾಡಿದರೆ ನಂಬಬೇಡಿ. ಅಂಗಲಾಚಿದರೆ ನಂಬಬೇಡಿ. ನಾನೇ ನಿಮ್ಮವನು ಎಂದರೆ ಮೊದಲೇ ನಂಬಬೇಡಿ. ಈಗ ದನಿಯನ್ನೂ ಮುಖವನ್ನೂ ನಕಲು ಮಾಡುತ್ತಾರೆ ಎಂದೂ ಹೇಳಿದೆ. ಚಿಕ್ಕಮ್ಮ ಗಿರಾಕಿಯ ಕಣ್ಣಿನ ನಂಬರು ಕೇಳಿಸಿಕೊಳ್ಳುವ ಹಾಗೆ ಕೇಳಿಸಿಕೊಂಡರು. ಒಂದು ಸಲ ಕೇಳಿದರೆ ಅವರು ಮರೆಯುವವರಲ್ಲ.

ಹಾಸ್ಟೆಲಿಗೆ ಮರಳಿದ ಮೇಲೆ ಇನ್ನು ನಾನೇ ದಿನಾ ಬೆಳಿಗ್ಗೆ ಬರೆಯಬೇಕು ಎಂದು ನಿಶ್ಚಯಿಸಿದೆ. ತಪ್ಪಿಲ್ಲದೆ ಬರೆಯಬೇಕು ಎಂದು ಕನ್ನಡ ಉಪನ್ಯಾಸಕರ ಹತ್ತಿರ ಹೋಗಿ ಲಿಂಗ, ವಚನ ಎಲ್ಲ ತಿದ್ದಿಸಿಕೊಂಡೆ. "ಚಿಕ್ಕಮ್ಮ, ಹೇಗಿದ್ದೀರಿ? ನಿಮ್ಮ ಬಗ್ಗೆ ಚಿಂತಿತಳಾಗಿದ್ದೇನೆ." ಉತ್ತರ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಫೋನ್ ಮಾಡಿದೆ.

"ಯಾರು?" ಎಂದರು.

"ನಾನು, ಚಿಕ್ಕಮ್ಮ. ನನ್ನ ಮೆಸೇಜು ನೋಡಿಲ್ವಾ?"

"ನೋಡ್ದೆ. ಚಿಂತಿತಳಾಗಿದ್ದೇನೆ ಅಂತಿತ್ತು. ನಮ್ ಹುಡ್ಗಿ ಹಾಗೆ ಬರೆಯಲ್ಲ."

"ನಾನೇ ಬರೆದಿದ್ದು. ತಪ್ಪನ್ನ ತಿದ್ಕೊಂಡೆ. ದಯವಿಟ್ಟು ನಂಬಿ, ಈಗಲೇ ವಿಡಿಯೋ ಕಾಲ್ ಮಾಡ್ತೀನಿ, ಇಡಬೇಡಿ..."

ಹೇಳುತ್ತಾ ಹೇಳುತ್ತಾ ನನಗೇ ಕೇಳಿಸಿತು. ದಯವಿಟ್ಟು. ನಂಬಿ. ಈಗಲೇ. ಇಡಬೇಡಿ. ಚಿಕ್ಕಮ್ಮ ಪಾಠವನ್ನು ಒಂದಕ್ಷರ ಬಿಡದೆ ಕಲಿತಿದ್ದರು. 'ಬೇಕು', 'ಬೇಡ' ಯಾವುದನ್ನೂ ಒತ್ತದೆ, ಫೋನಿಟ್ಟು ನನ್ನನ್ನು ಮುಚ್ಚಿದರು.

ಕೊನೆಗೆ ನಮ್ಮ ಲ್ಯಾಬ್ ಮೇಡಂ ಕಾಲೇಜಿನ ಫೋನಿನಿಂದ ಮಾತನಾಡಿ ಅವರನ್ನು ಈ ಕಾರ್ಯಕ್ರಮಕ್ಕೆ ಕರೆದರು. ಇವತ್ತು ಬೆಳಿಗ್ಗೆ ಬಂದರು. ನಾನು ಗೇಟಿನವರೆಗೆ ಓಡಿಹೋದೆ. ತಬ್ಬಿಕೊಳ್ಳಬೇಕೆಂದಿದ್ದೆ, ಆದರೆ ಅವರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಗಿರಾಕಿಗೆ ಫ್ರೇಮು ಕೂರಿಸುವ ಮುಂಚೆ ನೋಡುತ್ತಾರಲ್ಲ, ಹಾಗೆ ನನ್ನ ಮುಖವನ್ನು ನೋಡಿದರು. ಎಡಕ್ಕೆ, ಬಲಕ್ಕೆ, ಮೂಗಿನ ಮೇಲೆ.

"ಕಣ್ಣಿನ ಅಂತರ ಸರಿಯಾಗಿದೆ" ಎಂದರು. "ಮೂಗಿನ ಮೇಲಿನ ಗುರುತೂ ಇದೆ. ಕಿವಿನೂ ಹಾಗೇ ಇದೆ. ತುಂಬಾ ಚೆನ್ನಾಗಿ ಮಾಡಿದ್ದೀರಿ."

ಮಾಡಿದ್ದೀರಿ. ನಾನು ಹುಟ್ಟಿದಾಗಿನಿಂದ ನನಗೆ ಬಹುವಚನ ಹಚ್ಚದ ಬಾಯಿ ಅದು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಪರಿಚಯವಿಲ್ಲದವರ ಮನೆಯಲ್ಲಿ ನೀರು ಕೇಳುವಾಗ ಇರುತ್ತದಲ್ಲ, ಅಂಥ ಮರ್ಯಾದೆ ಇತ್ತು.

ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು, ಕೇಳಿಸಿತು ಸರ್. ಒಂದೇ ನಿಮಿಷ. ಬರೆದುಕೊಂಡು ಬಂದ ಹಾಳೆಯಲ್ಲಿ ಇನ್ನೂ ಸಲಹೆಗಳಿವೆ, ಅವನ್ನು ಬಿಡುತ್ತೇನೆ. ಚಿಕ್ಕಮ್ಮ, ಇಲ್ಲಿ ನೋಡಿ. ನಾನು ಯಾವ ಅನುಮತಿಯನ್ನೂ ಕೇಳುವುದಿಲ್ಲ, ಅವಸರವನ್ನೂ ಮಾಡುವುದಿಲ್ಲ. ಇಲ್ಲೇ ನಿಂತಿರುತ್ತೇನೆ. ನೀವಾಗಿ ತಲೆ ಎತ್ತಿ ನೋಡಿದರೆ ಸಾಕು.

ಅವರು ತಲೆ ಎತ್ತುತ್ತಿಲ್ಲ. ನಿಮಗೂ ಕಾಣಿಸುತ್ತಿದೆಯೇ? ಮೂರನೆಯ ಸಾಲು, ನೀಲಿ ಶಾಲು. ಅವರ ಮುಖಕ್ಕೆ ಕೆಳಗಿನಿಂದ ಫೋನಿನ ಬೆಳಕು ಬಿದ್ದಿದೆ. ಏನನ್ನೋ ಓದುತ್ತಿದ್ದಾರೆ. ಓದಿ ನಗುತ್ತಿದ್ದಾರೆ. ತುಟಿ ಆಡುತ್ತಿದೆ. 'ಇದ್ದೀನಿ ಕಣೇ' ಎನ್ನುತ್ತಿದ್ದಾರೆ.

ನಾನು ಅಂಗಡಿಯ ಕಂಪ್ಯೂಟರನ್ನು ಮಾತ್ರ ನೋಡಿದ್ದೆ. ಫೋನಿನಲ್ಲೂ ಅನುಮತಿ ಕೊಟ್ಟಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಫೋನು ಇಲ್ಲೇ, ಈ ಹೂಜಿಯ ಪಕ್ಕದಲ್ಲಿದೆ. ಆಫ್ ಆಗಿದೆ. ಬೇಕಾದರೆ ಅಧ್ಯಕ್ಷರು ನೋಡಬಹುದು.

ಚಿಕ್ಕಮ್ಮ, ಅದು ನಾನಲ್ಲ. ಚಿಕ್ಕಮ್ಮ.

ಗಂಟೆ ಮತ್ತೆ ಹೊಡೆಯಿತು. ಅವಕಾಶ ಕೊಟ್ಟ ಸಂಘಕ್ಕೆ, ಲ್ಯಾಬ್ ಮೇಡಂ ಅವರಿಗೆ, ಇಷ್ಟು ಹೊತ್ತು ನನ್ನ ಕಡೆ ನೋಡುತ್ತಾ ಕುಳಿತ ನಿಮಗೆಲ್ಲರಿಗೂ ವಂದನೆಗಳು. ದಾರಿ ಬಿಡಿ, ನಾನು ಮೂರನೆಯ ಸಾಲಿಗೆ ಹೋಗಬೇಕು. ನಮಸ್ಕಾರ.