ಗ್ರಿಡ್ ಸುಟ್ಟ ವಾಲ್ವ್

ಹೋದ ವಾರ ತಾನು ರಿಪೇರಿ ಮಾಡಿದ ಹ್ಯಾಮ್ ರೇಡಿಯೋ ಆಂಪ್ಲಿಫೈಯರ್ ಬಗ್ಗೆಯೇ ಇವರು ಮಾತಾಡುತ್ತಿರಬಹುದೇ? ಬಸ್ಸಿನ ಸಾಲಿನಲ್ಲಿ ಮಾವ ಅಳಿಯಂದಿರ ಬೆನ್ನ ಹಿಂದೆ ನಿಂತಿದ್ದ ಮೆಕ್ಯಾನಿಕ್ ಕಿವಿ ನಿಮಿರಿಸಿದ. ಅಂಗಡಿಯ ಒಳಕೋಣೆಯಲ್ಲೇ ಕೂರುವ ಅವನ ಮುಖ ಇಬ್ಬರಿಗೂ ಗೊತ್ತಿರಲಿಲ್ಲ.

"ವಾಲ್ವಿನ ಒಳಗಿರೋ ಗ್ರಿಡ್ ತಂತಿ ಸುಮ್ಮಸುಮ್ಮನೆ ಸುಡುತ್ತಾ, ಅಳಿಯಂದ್ರೇ? ದೂರಕ್ಕೆ ಕೇಳಿಸ್ಲಿ ಅಂತ ಆಂಪ್ಲಿಫೈಯರ್‌ಗೆ ಡ್ರೈವ್ ಪವರ್ ಜಾಸ್ತಿ ಕೊಟ್ರಿ ತಾನೆ?"

"ಸ್ವಲ್ಪ ಕೊಟ್ಟೆ, ಮಾವ. ಆದ್ರೆ ಗ್ರಿಡ್ ಕರೆಂಟ್ ಏರಿದ ತಕ್ಷಣ ಕಾವಲಿಗಿರೋ ರಿಲೇ ಸೆಟ್ಟನ್ನ ಆಫ್ ಮಾಡ್ಬೇಕಿತ್ತಲ್ಲ?"

"ಇಪ್ಪತ್ತು ವರ್ಷ ನನ್ನ ಕೈಲಿ ಸರಿಯಾಗೇ ಆಫ್ ಮಾಡ್ತಿತ್ತು. ನಿಮ್ಮ ಕೈಗೆ ಬಂದ ಕೂಡ್ಲೇ ಮುನಿಸಿಕೊಂಡ್ತಾ?"

"ದೇವರಾಣೆ, ನಾನು ಸೆಟ್ಟಿನ ಮುಚ್ಚಳ ತೆಗ್ದಿಲ್ಲ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಮುಚ್ಚಳದ ಮಾತು ನಾನೆಲ್ಲಿ ಎತ್ತಿದೆ?"

"ಹೋದ ವಾರ ರಿಪೇರಿ ಮಾಡಿದವರು ಏನಾದ್ರೂ..."

"ಪಾಪ, ಅವರ ತಲೆಗೆ ಯಾಕೆ ಕಟ್ತೀರಿ? ಇನ್ಮೇಲೆ ನನ್ನ ರೇಡಿಯೋ ರೂಮಿಗೆ ಕಾಲಿಡ್ಬೇಡಿ."

ಬಸ್ ಬಂತು. ಇಬ್ಬರೂ ಹತ್ತಿ ಬೇರೆ ಬೇರೆ ಸೀಟಿನಲ್ಲಿ ಕುಳಿತರು. ಅದೇ ಬಸ್ಸಿಗೆ ಕಾದಿದ್ದ ಮೆಕ್ಯಾನಿಕ್ ಮಾತ್ರ ಹತ್ತಲಿಲ್ಲ.

ಪರೀಕ್ಷೆ ಮಾಡುವಾಗ ರಿಲೇ ಪದೇ ಪದೇ ಸೆಟ್ಟನ್ನು ಆಫ್ ಮಾಡುತ್ತದೆಂದು, ಅದು ಕೆಲಸ ಮಾಡದಂತೆ ಅಡ್ಡತಂತಿ ಹಾಕಿ, ಆಮೇಲೆ ಬಿಚ್ಚಲು ಮರೆತವನು ತಾನೇ ಎಂದು ಅವನು ಹೇಳಲಿಲ್ಲ.