ಆ ಹೋಟೆಲಿನ ಸಾರು

ಮಗಳನ್ನು ಶಾಲೆಗೆ ಬಿಟ್ಟು ಯಲಹಂಕದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ನನಗಿಂತ ಹಿರಿಯರಾದ ಗಂಡ ಹೆಂಡತಿ ಕೂತಿದ್ದರು. ತಮ್ಮ ಮಗಳು ಇಂದುವಿನ ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಯಲಹಂಕದ ಹತ್ತಿರದ ಸಿಂಗಾಪುರ ಬಡಾವಣೆಯಲ್ಲಿರುವ ಹುಡುಗ ಗಿರಿಯ ಮನೆಗೆ ಹೊರಟವರೆಂದು ಅವರ ಮಾತಿನಿಂದಲೇ ತಿಳಿಯಿತು.

“ಗಿರಿ ಜೊತೆ ಮೈಸೂರಿಗೆ ಹೋದಾಗ ಉಂಡ್ವಲ್ಲ, ಆ ಊಟ ನೆನಪಿದ್ಯಾ?” ಎಂದು ಹೆಂಡತಿ ಕೇಳಿದರು.

“ಮರೆಯೋ ಊಟನಾ ಅದು? ಅನ್ನ ಮುದ್ದೆ, ಸಾರು ಬರೀ ನೀರು. ಬಿಲ್ ನೋಡಿ ನಂಗೆ ಬಿಕ್ಕಳಿಕೆ ಬಂತು.”

“ಗಿರಿ ಬಾಗಿಲಲ್ಲೇ ಹೇಳಿದ, ಇಲ್ಲಿ ಬೇಡ ಅತ್ತೆ, ಸಾರು ನೀರು ನೀರಾಗಿರುತ್ತೆ ಅಂತ.”

“ಒಳ್ಳೇದೇ ಹೇಳಿದ. ನಿನ್ ಮಗಳು ಕೇಳಿದ್ಲಾ?”

“ಮೈಸೂರಿಗೇ ಮೊದಲ್ನೇ ಸಲ ಬಂದಿದ್ದೀನಿ ಅಂದೋನಿಗೆ ಅಲ್ಲಿನ ಸಾರು ಹೆಂಗ್ರೀ ಗೊತ್ತು?”

“ಫೋನಲ್ಲಿ ನೋಡಿರ್ತಾನೆ ಕಣೇ. ಈಗ ಎಲ್ಲಾ ಅದ್ರಲ್ಲೇ ಬರ್ತದೆ.”

“ಕ್ಯಾಶಲ್ಲಿ ಕೂತಿದ್ದೋನು ಅವನನ್ನ ಭಾವ ಅಂದ. ಅದೂ ಫೋನಲ್ಲಿ ಬರ್ತದಾ?”



“ಆ ಕಡೆಯೋರು ಎಲ್ರನ್ನೂ ಹಂಗೇ ಕರೀತಾರೇನೋ.”

“ನಿಮ್ಮನ್ನ ಸಾರ್ ಅಂದ.”

ಸಿಂಗಾಪುರದ ಬಸ್ಸು ಬಂದು ನಿಂತಿತು. ಇಬ್ಬರೂ ಏಳಲಿಲ್ಲ. ಅದು ಹೋದ ಮೇಲೆ ಮೆಜೆಸ್ಟಿಕ್ ಬಸ್ಸು ಬಂತು.

“ಏಳಿ, ಮೆಜೆಸ್ಟಿಕ್ಕಲ್ಲಿ ಬಸ್ ಬದಲಿಸಿ ಮೈಸೂರಿಗೆ ಹೋಗ್ಬರೋಣ.”

“ಮತ್ತೆ ಅದೇ ಸಾರು ಉಣ್ಬೇಕೇನೇ?”

“ಉಣ್ಣೋಣ. ಕ್ಯಾಶಲ್ಲಿರೋನ್ನ ಅವನ ಅಕ್ಕ ಯಾರು ಅಂತ ಕೇಳ್ಬೇಕು.”

ಅಷ್ಟು ಹೇಳಿ ಆಕೆ ಬಸ್ಸು ಹತ್ತಿದರು. ಗಂಡನೂ ಹಿಂದೆ ಹತ್ತಿದರು.